ವಾಹನಗಳ ಇಂಧನ ದಕ್ಷತೆ: ಬಳಕೆಯ ಆಧಾರದ ಹೋಲಿಕೆ

ಇಂಧನ ದಕ್ಷತೆ ಎಂದರೆ ವಾಹನವೊಂದು ನಿರ್ದಿಷ್ಟ ಪ್ರಮಾಣದ ಇಂಧನದಿಂದ ಎಷ್ಟು ದೂರ ಕ್ರಮಿಸುತ್ತದೆ ಎಂಬುದರ ಅಳತೆ. ಭಾರತದಲ್ಲಿ ಇದನ್ನು ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಹೇಳುವುದು ರೂಢಿ. ಆಡುಮಾತಿನಲ್ಲಿ ಇದು ‘ಮೈಲೇಜ್’ ಎನಿಸಿಕೊಂಡಿದೆ. ವಾಹನದಲ್ಲಿ ಎಷ್ಟು ಜನರಿದ್ದರು, ಎಷ್ಟು ಸರಕಿತ್ತು, ಅದು ಎಂತಹ ರಸ್ತೆಯಲ್ಲಿ ಓಡಿತು ಎಂಬುದನ್ನು ಈ ಅಂಕಿ ತಿಳಿಸುವುದಿಲ್ಲ. ಆದ್ದರಿಂದ ಬೇರೆ ಬೇರೆ ಬಗೆಯ ವಾಹನಗಳನ್ನು ಹೋಲಿಸುವಾಗ ಅವುಗಳ ನಿಜವಾದ ಬಳಕೆಯನ್ನು ಗಮನಿಸುವುದು ಅವಶ್ಯಕ.

ಅಳತೆಯ ಕ್ರಮಗಳು

ಯುರೋಪಿನ ಹೆಚ್ಚಿನ ದೇಶಗಳಲ್ಲಿ 100 ಕಿ.ಮೀ. ದೂರಕ್ಕೆ ತಗಲುವ ಲೀಟರ್‌ಗಳನ್ನು ಲೆಕ್ಕ ಹಾಕುತ್ತಾರೆ. ಉಳಿತಾಯವನ್ನು ತಿಳಿಯಲು ಈ ಕ್ರಮವು ಹೆಚ್ಚು ಸೂಕ್ತ. ಲೀಟರಿಗೆ 10 ಕಿ.ಮೀ. ಓಡುವ ವಾಹನದ ಬದಲು 20 ಕಿ.ಮೀ. ಓಡುವುದನ್ನು ಬಳಸಿದರೆ 100 ಕಿ.ಮೀ.ಗೆ 5 ಲೀಟರ್ ಉಳಿಯುತ್ತದೆ. 20ರಿಂದ 40ಕ್ಕೆ ಏರಿದರೆ ಉಳಿಯುವುದು ಕೇವಲ 2.5 ಲೀಟರ್. ಲೀಟರಿಗೆ ಕಿಲೋಮೀಟರ್ ಎಂಬ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಏರಿಕೆಯಾಗಿ ಕಾಣುತ್ತದೆ. ಈ ಬಗೆಯ ತಪ್ಪು ಗ್ರಹಿಕೆಯನ್ನು ಅಮೆರಿಕದ ಸಂಶೋಧಕರಾದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು.

ಪ್ರಯಾಣಿಕರು ಮತ್ತು ಸರಕು

ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಸಾಗಿಸುವುದನ್ನು ‘ಪ್ರಯಾಣಿಕ-ಕಿಲೋಮೀಟರ್’ ಎನ್ನುತ್ತಾರೆ. ಉದಾಹರಣೆಗೆ, ಬಸ್ಸು ಲೀಟರಿಗೆ 4, ಕಾರು 16, ಬೈಕು 50 ಕಿ.ಮೀ. ಓಡುತ್ತವೆ ಎಂದು ಭಾವಿಸೋಣ. ಆಗ ಒಂದು ಲೀಟರಿನಿಂದ ದೊರೆಯುವ ಪ್ರಯಾಣಿಕ-ಕಿಲೋಮೀಟರ್‌ಗಳು ಹೀಗಿರುತ್ತವೆ:

- 40 ಜನರಿರುವ ಬಸ್ಸು: 160
- 5 ಜನರಿರುವ ಬಸ್ಸು: 20
- 4 ಜನರಿರುವ ಕಾರು: 64
- ಒಬ್ಬರೇ ಇರುವ ಕಾರು: 16
- ಒಬ್ಬರೇ ಇರುವ ಬೈಕು: 50

ಮೈಲೇಜಿನಲ್ಲಿ ಕೊನೆಯಲ್ಲಿರುವ ಬಸ್ಸು, ತುಂಬಿ ಓಡಿದಾಗ ಎಲ್ಲಕ್ಕಿಂತ ಮುಂದಿರುತ್ತದೆ; ಖಾಲಿಯಾಗಿ ಓಡಿದಾಗ ಬೈಕಿಗಿಂತಲೂ ಹಿಂದೆ ಬೀಳುತ್ತದೆ. ಸರಕು ಸಾಗಣೆಗೆ ಇದೇ ರೀತಿ ‘ಟನ್-ಕಿಲೋಮೀಟರ್’ ಮಾನವಿದೆ. ಲಾರಿಯು ಸರಕು ಇಳಿಸಿ ಬರಿದಾಗಿ ಹಿಂದಿರುಗಿದರೆ ಆ ಇಂಧನವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಪರೀಕ್ಷೆಯ ಅಂಕಿ ಮತ್ತು ರಸ್ತೆಯ ಅಂಕಿ

ತಯಾರಕರು ಪ್ರಕಟಿಸುವ ಮೈಲೇಜನ್ನು ಪ್ರಯೋಗಾಲಯದಲ್ಲಿ, ತಿರುಗುವ ಉರುಳೆಗಳ ಮೇಲೆ ವಾಹನವನ್ನು ಓಡಿಸಿ ಕಂಡುಕೊಳ್ಳಲಾಗುತ್ತದೆ. ಭಾರತದಲ್ಲಿ ಇಂತಹ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಪುಣೆಯ ಎಆರ್‌ಎಐ ಪ್ರಮುಖವಾದುದು. ಎಲ್ಲ ವಾಹನಗಳಿಗೂ ಒಂದೇ ನಿಯಮವಿರುವುದರಿಂದ ಒಂದೇ ವರ್ಗದ ಮಾದರಿಗಳನ್ನು ಹೋಲಿಸಲು ಈ ಅಂಕಿ ಉಪಯುಕ್ತ. ಆದರೆ ರಸ್ತೆಯಲ್ಲಿ ಸಾಮಾನ್ಯವಾಗಿ ಅಷ್ಟು ಮೈಲೇಜ್ ಸಿಗುವುದಿಲ್ಲ. ಯುರೋಪಿನಲ್ಲಿ ಈ ಅಂತರವನ್ನು ತಗ್ಗಿಸಲು 2017ರಿಂದ ‘ಡಬ್ಲ್ಯೂಎಲ್‌ಟಿಪಿ’ ಎಂಬ ಹೊಸ ಪರೀಕ್ಷಾಕ್ರಮವನ್ನು ಜಾರಿಗೆ ತರಲಾಯಿತು.

ಸಿಗ್ನಲ್‌ನಲ್ಲಿ ಎಂಜಿನ್ ಚಾಲೂ ಇಟ್ಟು ನಿಂತ ವಾಹನವು ಒಂದಡಿಯೂ ಚಲಿಸದೆ ಇಂಧನವನ್ನು ಉರಿಸುತ್ತದೆ. ಪದೇ ಪದೇ ಬ್ರೇಕ್ ಹಾಕುವುದು, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಕಿರುಪ್ರಯಾಣ, ಗಾಳಿ ಕಡಿಮೆಯಿರುವ ಟೈರು, ಎ.ಸಿ. ಬಳಕೆ ಇವೆಲ್ಲ ವ್ಯಯವನ್ನು ಹೆಚ್ಚಿಸುತ್ತವೆ. ಹೆದ್ದಾರಿಯಲ್ಲಿ ವೇಗ ಇಮ್ಮಡಿಯಾದರೆ ಗಾಳಿಯ ಪ್ರತಿರೋಧ ಸುಮಾರು ನಾಲ್ಕು ಪಟ್ಟಾಗುತ್ತದೆ.

ಬೇರೆ ಬೇರೆ ಇಂಧನಗಳು

ಒಂದು ಲೀಟರ್ ಡೀಸೆಲ್‌ನಲ್ಲಿ ಅಷ್ಟೇ ಪೆಟ್ರೋಲ್‌ಗಿಂತ ಶೇಕಡಾ 10ಕ್ಕೂ ಹೆಚ್ಚು ಶಕ್ತಿಯಿರುತ್ತದೆ. ಹೀಗಾಗಿ ಇವೆರಡರ ಲೀಟರ್‌ಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಒಂದು ಲೀಟರ್ ಪೆಟ್ರೋಲ್‌ನ ಶಕ್ತಿ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮ. ವಿದ್ಯುತ್ ವಾಹನಗಳನ್ನು ಹೋಲಿಸುವಾಗ ವಿದ್ಯುತ್ ಉತ್ಪಾದನೆ ಮತ್ತು ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನೂ ಪರಿಗಣಿಸಬೇಕು.

ಸ್ವತಃ ಅಳೆಯುವ ವಿಧಾನ

ಟ್ಯಾಂಕ್ ಪೂರ್ತಿ ತುಂಬಿಸಿ ಓಡೋಮೀಟರ್‌ನ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಕೆಲವು ದಿನ ಎಂದಿನಂತೆ ಓಡಿಸಿ ಮತ್ತೆ ಪೂರ್ತಿ ತುಂಬಿಸಬೇಕು. ಈ ನಡುವೆ ಕ್ರಮಿಸಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರ್‌ಗಳಿಂದ ಭಾಗಿಸಿದರೆ ನಿಜವಾದ ಮೈಲೇಜ್ ದೊರೆಯುತ್ತದೆ. ಹಲವು ಬಾರಿ ಅಳೆದು ಸರಾಸರಿ ತೆಗೆದರೆ ಫಲಿತಾಂಶವು ಹೆಚ್ಚು ವಿಶ್ವಾಸಾರ್ಹವಾಗಿರುತ್ತದೆ.