ಗುಂಡು ಖಾಲಿಯಾದದ್ದು ಕಾರ್ಖಾನೆಯಲ್ಲಲ್ಲ

ಇವತ್ತು ಅಮೆರಿಕದ ಒಂದು ವಿಚಿತ್ರ ಬರಗಾಲದ ಕಥೆ ಹೇಳ್ತೀನಿ. ನೀರಿನದ್ದಲ್ಲ, ಅಕ್ಕಿಯದ್ದಲ್ಲ, ಬಂದೂಕಿನ ಗುಂಡಿನ ಬರ. ಜನರಿಗಿಂತ ಬಂದೂಕುಗಳೇ ಹೆಚ್ಚಿರುವ ದೇಶ ಅದು. ಅಲ್ಲೇ 2013ರಲ್ಲಿ ಅಂಗಡಿಗಳಲ್ಲಿ ಗುಂಡಿನ ಕಪಾಟು ಖಾಲಿ. ಯಾಕೆ?

ಎರಡನೇ ಮಹಾಯುದ್ಧದ ಕಾಲದ ಅಭಾವ ಅರ್ಥವಾಗುವಂಥದ್ದು. ಆಗ ಕಾರ್ಖಾನೆಯೂ ಹಿತ್ತಾಳೆಯೂ ಸೈನ್ಯದ ಪಾಲಾಗಿತ್ತು. ಆದರೆ 2013ರಲ್ಲಿ ಕಾರ್ಖಾನೆಗಳು ಬಿಡುವಿಲ್ಲದೆ ಓಡುತ್ತಿದ್ದವು. ಆದರೂ ಗುಂಡು ಸಿಗುತ್ತಿರಲಿಲ್ಲ.

ಕಥೆ ಶುರುವಾಗೋದು 2012ರ ಡಿಸೆಂಬರ್ 14ರಂದು. ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಗೆ ನುಗ್ಗಿದ ಯುವಕನೊಬ್ಬ 20 ಮಕ್ಕಳನ್ನೂ ಶಾಲೆಯ 6 ಮಂದಿ ಸಿಬ್ಬಂದಿಯನ್ನೂ ಕೊಂದ. ಬಂದೂಕಿನ ಕಾನೂನು ಬಿಗಿ ಮಾಡಬೇಕು ಅಂತ ಅಧ್ಯಕ್ಷ ಒಬಾಮಾ ಹೇಳಿದರು. ನಾಳೆ ಸಿಗುತ್ತೋ ಇಲ್ಲವೋ ಅಂತ ಜನ ಅಂಗಡಿಗೆ ಓಡಿದರು. ವಾಲ್‌ಮಾರ್ಟ್ ಒಬ್ಬರಿಗೆ ದಿನಕ್ಕೆ ಮೂರೇ ಪೆಟ್ಟಿಗೆ ಅಂತ ಮಿತಿ ಹಾಕಿತು.

ಮಿತಿ ಹಾಕಿದ್ದೇ ತಡ, ಬೇಡದವರಿಗೂ ಬೇಕಾಯ್ತು! 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದ ರಾತ್ರಿ ನಮ್ಮ ದಿನಸಿ ಅಂಗಡಿಗಳ ಮುಂದೆ ಏನಾಯ್ತು ನೆನಪಿದೆಯಲ್ಲ? ಅದೇ ಲೆಕ್ಕ.

ಹೆಚ್ಚು ಪೆಟ್ಟು ಬಿದ್ದದ್ದು ಪಾಯಿಂಟ್ 22 ಗುಂಡಿಗೆ. ಚಿಕ್ಕದು, ಅಗ್ಗದ್ದು, ಮೊಲ, ಅಳಿಲು ಬೇಟೆಗೆ, ಮಕ್ಕಳು ಗುರಿ ಕಲಿಯೋದಕ್ಕೆ ಬಳಸುವಂಥದ್ದು. ದೊಡ್ಡ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪಿಗೆ ಮತ್ತೆ ಮದ್ದು ತುಂಬಿ ಮನೆಯಲ್ಲೇ ಗುಂಡು ಮಾಡಿಕೊಳ್ಳಬಹುದು. ಇದರಲ್ಲಿ ಕಿಡಿ ಹೊತ್ತಿಸುವ ಮದ್ದು ಚಿಪ್ಪಿನ ಅಂಚಿನೊಳಗೇ ಇರುತ್ತೆ. ಒಮ್ಮೆ ಹೊಡೆದರೆ ಮುಗೀತು. ಇದನ್ನು ಮಾಡುವ ಯಂತ್ರಗಳೂ ಬೇರೆಯೇ.

ಸರಿ, ಜನ ಯಾರನ್ನು ದೂರಿದರು? ಸರ್ಕಾರವನ್ನು. ಗೃಹ ಭದ್ರತಾ ಇಲಾಖೆ ಬೇಕಂತಲೇ ಗುಂಡನ್ನೆಲ್ಲ ಬಾಚಿಕೊಳ್ಳುತ್ತಿದೆ ಅನ್ನೋ ವದಂತಿ ಹಬ್ಬಿತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ತನಿಖೆ ಮಾಡಿ 2014ರ ಜನವರಿಯಲ್ಲಿ ವರದಿ ಕೊಟ್ಟಿತು. ಇಲಾಖೆಯ ಖರೀದಿ ವರ್ಷಕ್ಕೆ ಸರಾಸರಿ 10.9 ಕೋಟಿ ಗುಂಡು, ಅದೂ 2009ರ ನಂತರ ಇಳಿದಿತ್ತು. ಮಿಸೌರಿಯ ಹರ್ಕ್ಯುಲೇನಿಯಂನಲ್ಲಿ ಸೀಸ ಕರಗಿಸುವ ಕಾರ್ಖಾನೆ ಮುಚ್ಚಿದ್ದೇ ಕಾರಣ ಅಂದವರೂ ಇದ್ದರು. ಅದು ಮುಚ್ಚಿದ್ದು 2013ರ ಡಿಸೆಂಬರ್‌ನಲ್ಲಿ, ಅಂದರೆ ಕಪಾಟು ಖಾಲಿಯಾಗಿ ವರ್ಷ ಕಳೆದ ಮೇಲೆ.

ಹಾಗಾದರೆ ಕಂಪನಿಗಳು ಹೊಸ ಯಂತ್ರ ಹಾಕಬಹುದಿತ್ತಲ್ಲ? ಭಯದಿಂದ ಬಂದ ಗಿರಾಕಿ ಭಯ ಹೋದ ಕೂಡಲೇ ಹೋಗ್ತಾನೆ ಅಂತ ಅವರಿಗೆ ಗೊತ್ತಿತ್ತು. ಹಾಗೇ ಆಯ್ತು. 2016ರಲ್ಲಿ ಟ್ರಂಪ್ ಗೆದ್ದಾಗ ನಿಷೇಧದ ಭಯ ಕರಗಿತು, ವ್ಯಾಪಾರ ಕುಸಿಯಿತು. ಮೊದಲೇ ಸಾಲದಲ್ಲಿದ್ದ ರೆಮಿಂಗ್ಟನ್ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು, 2020ರ ಜುಲೈನಲ್ಲಿ ಮತ್ತೊಮ್ಮೆ.

ವಿಪರ್ಯಾಸ ನೋಡಿ, ಅದೇ 2020ರಲ್ಲಿ ಕೋವಿಡ್, ಬೀದಿ ಪ್ರತಿಭಟನೆ, ಚುನಾವಣೆ ಎಲ್ಲ ಒಟ್ಟಿಗೆ ಬಂದವು. ಬಂದೂಕು ಖರೀದಿಗೆ ಸಂಬಂಧಿಸಿದ ಹಿನ್ನೆಲೆ ತಪಾಸಣೆಗಳು 2019ರಲ್ಲಿ 2.84 ಕೋಟಿ ಇದ್ದದ್ದು 3.97 ಕೋಟಿಗೆ ಏರಿದವು. ಕಪಾಟು ಮತ್ತೆ ಖಾಲಿ.

ನನ್ನನ್ನು ಕಾಡುವ ವಿಷಯ ಬೇರೆ. ಸ್ಯಾಂಡಿ ಹುಕ್ ನಂತರ ತಂದ ಹಿನ್ನೆಲೆ ತಪಾಸಣೆ ಪ್ರಸ್ತಾವ 2013ರ ಏಪ್ರಿಲ್ 17ರಂದು ಸೆನೆಟ್‌ನಲ್ಲಿ ಬಿದ್ದುಹೋಯಿತು. 54 ಮತ ಬಂದವು, ಬೇಕಿದ್ದದ್ದು 60. ಜನ ಹೆದರಿದ್ದ ಕಾನೂನು ಬರಲೇ ಇಲ್ಲ. ಆದರೆ ಅದರ ಹೆದರಿಕೆಯಲ್ಲಿ ಕೊಂಡ ಗುಂಡುಗಳು ಮನೆಗಳಲ್ಲೇ ಉಳಿದವು. ಗುಂಡಿಗೆ ಬಲಿಯಾದ ಮಕ್ಕಳ ಹೆಸರಲ್ಲಿ ಶುರುವಾದ ಚರ್ಚೆ, ಮನೆಮನೆಯ ಗುಂಡಿನ ರಾಶಿಯನ್ನೇ ಹೆಚ್ಚಿಸಿತು. ಅಂಗಡಿಯಲ್ಲಿ ಕಂಡದ್ದು ಬರ. ಮನೆಯೊಳಗೆ ಇದ್ದದ್ದು ಸುಗ್ಗಿ.