ಹುಟ್ಟು ಹಿಡಿದ ಶರಣ ಅಂಬಿಗರ ಚೌಡಯ್ಯ

ಘಟಪ್ರಭೆಯ ಸೀಮೆಯಲ್ಲಿರುವ ಸಮೀರವಾಡಿಯ ಸದ್ಭಕ್ತರಿಗೆ ಹೊಳೆಯ ಗುಣ ಹೊಸದಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಈ ಹೊಳೆ ಉಕ್ಕಿ ಮುಧೋಳ ತಾಲ್ಲೂಕಿನ ದಡದ ಊರುಗಳಿಗೆ ನುಗ್ಗಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಮುಂದೆ ಹರಿದು ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಳ್ಳುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಇಂಥ ತುಂಬಿದ ಹೊಳೆಗಳನ್ನು ದಾಟಲು ಅಂಬಿಗನೇ ಗತಿಯಾಗಿದ್ದನು.

ಆ ಕಾಯಕದಿಂದ ಶರಣಸಂಕುಲಕ್ಕೆ ಬಂದವರು 12ನೆಯ ಶತಮಾನದ ನಿಜಶರಣ ಅಂಬಿಗರ ಚೌಡಯ್ಯನವರು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಚೌಡದಾನಪುರವೇ ಅವರ ನೆಲೆಯೆಂಬುದು ಪರಂಪರೆಯ ನಂಬಿಕೆ. ಅವರ ಇನ್ನೂರಕ್ಕೂ ಹೆಚ್ಚು ವಚನಗಳು ಇಂದು ಉಪಲಬ್ಧವಾಗಿವೆ.

ಮರದ ದೋಣಿಗೆ ಹಿಂಬದಿಯಲ್ಲಿ ಚುಕ್ಕಾಣಿಯುಂಟು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡನೆಯ ಹರಿಗೋಲಿಗೆ ಅದೂ ಇಲ್ಲ. ಅಂಬಿಗನ ಕೈಯ ಹುಟ್ಟೇ ಅದಕ್ಕೆ ಚುಕ್ಕಾಣಿ. ಹುಟ್ಟು ಕೈತಪ್ಪಿದರೆ ಹರಿಗೋಲು ಗಿರ್ರನೆ ಸುತ್ತುತ್ತ ಸೆಳವಿನ ಪಾಲಾಗುತ್ತದೆ. ಹೊಳೆ ತುಂಬಿದಾಗ ಬಲ್ಲ ಅಂಬಿಗನು ಎದುರು ದಡಕ್ಕೆ ನೇರವಾಗಿ ಹೊರಡುವುದಿಲ್ಲ. ಮೊದಲು ದಡದ ಬದಿಯಲ್ಲಿಯೇ ಹರಿವಿಗೆದುರಾಗಿ ಮೇಲಕ್ಕೆ ಸಾಗಿ, ಬಳಿಕ ಓರೆಯಾಗಿ ಹೊಳೆಗೆ ಬೀಳುತ್ತಾನೆ. ನೀರು ಕೆಳಕ್ಕೆ ಸೆಳೆದಂತೆಲ್ಲ ದೋಣಿ ತಾನು ಮುಟ್ಟಬೇಕಾದ ಎಡೆಯನ್ನೇ ಮುಟ್ಟುತ್ತದೆ. ಹೊಳೆಯನ್ನು ತಡೆಯುವ ಬಲ ಅವನಿಗಿಲ್ಲ. ಸೆಳವನ್ನು ಅಳೆಯುವ ಅರಿವಿದೆ. ಆ ಅಳತೆ ತಪ್ಪಿದರೆ ಮುಳುಗುವವರಲ್ಲಿ ಅವನೂ ಒಬ್ಬನು.

ಗುರುವನ್ನು ಭವಸಾಗರ ದಾಟಿಸುವ ಅಂಬಿಗನೆಂದು ಕರೆಯುವುದು ವಾಡಿಕೆ. ಹುಟ್ಟು ಹಿಡಿದು ಬಲ್ಲ ಚೌಡಯ್ಯನವರು ಆ ಹೆಸರನ್ನು ಅಗ್ಗವಾಗಿ ಯಾರಿಗೂ ಕೊಡಲಿಲ್ಲ. ಲಾಂಛನ ಧರಿಸಿಯೂ ಆಚಾರವಿಲ್ಲದ ಗುರುವನ್ನು, ಜಂಗಮನನ್ನು, ಡಾಂಭಿಕ ಭಕ್ತನನ್ನು ಸಮನಾಗಿ ಖಂಡಿಸಿದರು. ಅವರ ನುಡಿ ಬಲು ಒರಟೆಂದು ಹೇಳುವವರುಂಟು. ಆದರೆ ಸುಳಿ ಎದುರಾದಾಗ ಅಂಬಿಗನು ಕೂಗಿಯೇ ಎಚ್ಚರಿಸಬೇಕು. ನಯದ ಮಾತಿಗೆ ಅಲ್ಲಿ ವೇಳೆಯಿಲ್ಲ. ಆ ಕೂಗಿನ ಹಿಂದಿರುವುದು ಕೋಪವಲ್ಲ, ಕರುಣೆ.

ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ. ಬಹುಪಾಲು ಶರಣರು ಹೀಗೆ ಇಷ್ಟದೈವದ ಹೆಸರನ್ನೇ ಅಂಕಿತವಾಗಿಸಿಕೊಂಡರೆ, ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತವಾಗಿರಿಸಿದರು. ಇದನ್ನು ಅಹಂಕಾರವೆಂದು ತಿಳಿಯಲಾಗದು. ನಡುಹೊಳೆಯಲ್ಲಿ ಹುಟ್ಟು ಹಿಡಿದವನು ಹೊಣೆಯನ್ನು ಮತ್ತೊಬ್ಬರ ಮೇಲೆ ಹೊರಿಸಲಾರನು. ಆಡಿದ ಮಾತಿಗೆ ತಾನೇ ಹೊಣೆಯೆಂಬ ನಿಲುವು ಆ ಅಂಕಿತದಲ್ಲಿದೆ.

ಪ್ರತಿವರ್ಷ ಜನವರಿ 21ರಂದು ನಾಡು ಅವರ ಜಯಂತಿಯನ್ನು ಆಚರಿಸುತ್ತದೆ. ಮನೆ, ಊರು, ಮಠ ಯಾವುದರ ಹುಟ್ಟು ಹಿಡಿದವರೇ ಆಗಲಿ, ದೋಣಿಯಲ್ಲಿ ಕುಳಿತವರ ಜೀವ ತಮ್ಮ ಕೈಯಲ್ಲಿದೆಯೆಂಬುದನ್ನು ಅಂದಾದರೂ ನೆನೆಯಬೇಕು. ದೋಣಿ ಏರುವವರೂ ಹುಟ್ಟು ಯಾರ ಕೈಯಲ್ಲಿದೆಯೆಂದು ನೋಡಿ ಏರಬೇಕು. ಚೌಡಯ್ಯನವರು ಕೂಗಿ ಹೇಳಿದ್ದು ಇದನ್ನೇ.