178 ಸೆಕೆಂಡು, ಒಂದು ಬಟನ್

ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತು ನೋಡಿ. ಎಷ್ಟು ಹೊತ್ತು ನಿಲ್ತೀರಾ? ಮೋಡದೊಳಗೆ ಹೊಕ್ಕ ಸಣ್ಣ ವಿಮಾನದ ಪೈಲಟ್ ಕಥೆನೂ ಹೀಗೇ. ಹೊರಗೆ ಏನೂ ಕಾಣದಿದ್ರೆ ರೆಕ್ಕೆ ಯಾವ ಕಡೆ ವಾಲ್ತಿದೆ ಅಂತ ದೇಹಕ್ಕೆ ಗೊತ್ತೇ ಆಗಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇದನ್ನ ಪರೀಕ್ಷಿಸಿತು. ಬರೀ ಮೀಟರ್ ನೋಡಿ ಹಾರಿಸಿ ಅಭ್ಯಾಸವಿಲ್ಲದ 20 ಪೈಲಟ್‌ಗಳಿಗೆ ಹೊರಗಿನ ನೋಟ ಮರೆಮಾಡಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡು. ಮೂರು ನಿಮಿಷನೂ ಇಲ್ಲ!

ಹಾಗಾದ್ರೆ ಆಟೋಪೈಲಟ್ ಇರಲಿಲ್ವಾ? ಇತ್ತು. 1914ರಲ್ಲೇ ಲಾರೆನ್ಸ್ ಸ್ಪೆರಿ ಪ್ಯಾರಿಸ್ ಹತ್ತಿರ ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿ ತೋರಿಸಿದ್ದ. ಆದ್ರೆ ಸ್ವಂತದ ಸಣ್ಣ ವಿಮಾನದಲ್ಲಿ ಅದು ಹೆಚ್ಚುವರಿ ಖರ್ಚು. ಬಿಕಾಂ ಓದೋ ನಮಗೆ ಗೊತ್ತಲ್ವಾ, ದುಡ್ಡು ಉಳಿಸಬೇಕು ಅಂದ್ರೆ ಮೊದಲು ಬಿಡೋದು 'ಎಕ್ಸ್‌ಟ್ರಾ'ನೇ.

1965ರ ಸುಮಾರಿಗೆ ಮೂನಿ ಕಂಪನಿ ತನ್ನ ಸಣ್ಣ ವಿಮಾನಗಳಲ್ಲಿ 'ಪಾಸಿಟಿವ್ ಕಂಟ್ರೋಲ್' ಅನ್ನೋ ಸರಳ ಸಾಧನವನ್ನ ವಿಮಾನದ ಜೊತೆಗೇ ಕೊಡೋಕೆ ಶುರುಮಾಡಿತು. ವಿಮಾನ ವಾಲಿದ್ದನ್ನ ಗೈರೋ ಗುರುತಿಸುತ್ತೆ. ಗಾಳಿಯ ಎಳೆತಕ್ಕೆ ಕೆಲಸ ಮಾಡೋ ಸಣ್ಣ ಸಾಧನಗಳು ರೆಕ್ಕೆಯನ್ನ ಸಮ ಮಾಡುತ್ತವೆ. ಎತ್ತರ ಕಾಯಲ್ಲ, ದಾರಿ ತೋರಿಸಲ್ಲ. ಇಷ್ಟೇ ಕೆಲಸ.

ಆದ್ರೆ ಜಾಣತನ ಇಲ್ಲಿದೆ: ಅದು ಸದಾ ಆನ್! ತಿರುಗಿಸಬೇಕಾದಾಗ ಮಾತ್ರ ಹಿಡಿಕೆಯ ಮೇಲಿನ ಬಟನ್ ಒತ್ತಿ ಹಿಡೀಬೇಕು. ಬಿಟ್ರೆ ಮತ್ತೆ ಸಮ.

ಯಾಕೆ ಹೀಗೆ? ಗಾಬರಿ ಆದಾಗ ಮನುಷ್ಯನಿಗೆ ಸ್ವಿಚ್ ಎಲ್ಲಿದೆ ಅಂತ ನೆನಪಾಗಲ್ಲ. ಕೈ ಬಿಡೋದು ಮಾತ್ರ ಸುಲಭ.

ನೀವು ದಿನಾ ಬಳಸೋದ್ರಲ್ಲಿ ಹೀಗೆ ಕೇಳದೇ ಕಾಯೋ ವಸ್ತು ಯಾವುದು? ಕಾಮೆಂಟ್‌ನಲ್ಲಿ ಹೇಳಿ.